ಕ್ಯಾರವಾನಿನ ಬಿಕ್ಕಳಿಕೆ

ಸೊಹಾರ್
8 ಅಕ್ಟೋಬರ್ 2005

ಇಸಾಬೆಲ್ಲಾ ಅಕ್ಕನವರಿಗೆ ಸುವರ್ಣಾಳ ಶರಣು.

ನಿಮ್ಮ ಯಜಮಾನರು ಬಾಸಿಲ್ ಅಣ್ಣ ತೀರಿಕೊಂಡಾಗ ಫೋನಿನಲ್ಲಿ ಮಾತಾಡಿದ್ದು. ಆಮೇಲೆ ನಾನು ಸುದ್ದಿ ಕೊಟ್ಟಿಲ್ಲ, ಸಿಟ್ಟಾಗಬೇಡಿ.

ನಮ್ಮವರು ಹೋದ ತಿಂಗಳು ನಿವೃತ್ತರಾದರು. ಕಂಪನಿಯ ಮನೆ ಬಿಟ್ಟುಕೊಟ್ಟೆವು. ಆದರೆ ಊರಿಗೆ ಹೊರಟಿಲ್ಲ. ಇವರ ವೀಸಾ ಮಾಡಿಸಿದ ಕಫೀಲ್ ಒಳ್ಳೆಯ ಮನುಷ್ಯ, ವೀಸಾ ಇನ್ನೊಂದು ವರ್ಷ ಇರಲಿ ಎಂದ. ಇವರು ಒಂದು ಹಳೆಯ ಕ್ಯಾರವಾನ್ ತಂದು ಪಿಕಪ್ಪಿನ ಹಿಂದೆ ಕಟ್ಟಿದ್ದಾರೆ. ಅದರಲ್ಲೇ ಮಂಚ, ಒಲೆ, ನೀರಿನ ಟ್ಯಾಂಕು. ಇನ್ನು ಒಂದು ವರ್ಷ ಅದೇ ನಮ್ಮ ಮನೆ. ಬೆಳಗಾವಿಯಿಂದ ಮಗ ಸಿದ್ದು ಫೋನಿನಲ್ಲಿ ನಕ್ಕ. "ಅಪ್ಪಾಜಿಗೆ ಏನಾಗೇತಿ ಅವ್ವಾ? ರಿಟೈರ್ ಆದವರು ಮನಿ ಕಟ್ತಾರ. ಇವರು ನೋಡಿದ್ರ ಮನಿ ಎಳಕೊಂಡು ಹೊಂಟಾರ!" ಎಂದ. ಅವನಿಗೆ ನಾನು, ದೇಶ ನೋಡಲು ಹೊರಟೆವು ಎಂದೆ.

ನಿಮಗೆ ನಿಜ ಬರೆಯುತ್ತೇನೆ. ನನ್ನ ಕೂಸನ್ನು ಮಣ್ಣು ಮಾಡಿದ ಜಾಗಕ್ಕೆ ಒಂದು ಸಲ ಹಣೆ ಹಚ್ಚದೆ ಈ ದೇಶ ಬಿಡುವುದಿಲ್ಲ ಎಂದು ನಾನು ಹಟ ಹಿಡಿದೆ. ಅದಕ್ಕಾಗಿ ಈ ತಿರುಗಾಟ.

ಇಬ್ರಿಯ ಆಚೆ ರಸ್ತೆ ಹಾಕುವ ಕ್ಯಾಂಪಿನಲ್ಲಿ ನಾವೆಲ್ಲ ಇದ್ದೆವಲ್ಲ, ಎಂಬತ್ತಮೂರರಲ್ಲಿ. ನೀವು ಕ್ಲಿನಿಕ್ಕಿನ ನರ್ಸ್. ಕೂಸು ಹೋದಾಗ ನನಗೆ ಜ್ವರದಲ್ಲಿ ಎಚ್ಚರವಿರಲಿಲ್ಲ. ಕಂಪನಿಯ ಸಾಹೇಬ, ಹಿಂದೂಗಳಲ್ಲವೇ, ಸುಡಲು ಮಸ್ಕತ್ತಿಗೆ ಒಯ್ಯಿರಿ ಎಂದನಂತೆ. "ನಾವು ಮಣ್ಣಿಗೆ ಕೊಡೋ ಮಂದಿ" ಎಂದು ಇವರು ತಾವೇ ಸಲಿಕೆ ಹಿಡಿದರಂತೆ. ಜೊತೆಗೆ ಹೋದವರು ನೀವು ಮತ್ತು ಬಾಸಿಲ್ ಅಣ್ಣ, ಇಬ್ಬರೇ. ನನ್ನನ್ನು ಅದೇ ವಾರ ಊರಿಗೆ ಕಳಿಸಿದರು. ಎರಡು ವರ್ಷ ಬಿಟ್ಟು ಬಂದಾಗ ಕ್ಯಾಂಪೇ ಇರಲಿಲ್ಲ. ಆಮೇಲೆ ಎಷ್ಟು ಸಲ ಕೇಳಿದರೂ "ಮುಂದ ನೋಡೂಣು" ಎಂದೇ ಇವರು ದಿನ ತಳ್ಳಿದರು. ಈಗ ರಸ್ತೆಯೇ ಬೇರೆ ಕಡೆ ತಿರುಗಿದೆ, ಗುರುತು ಸಿಗುವುದಿಲ್ಲ ಎನ್ನುತ್ತಾರೆ.

ನಿಮಗೆ ಏನು ನೆನಪಿದೆ ಬರೆಯಿರಿ. ಗುಡ್ಡವಿತ್ತೇ, ಮರವಿತ್ತೇ? ಫೋನು ಬೇಡ. ಈ ಗೂಡಿನಲ್ಲಿ ನಾನು ಪಿಸುಗುಟ್ಟಿದರೂ ಇವರಿಗೆ ಕೇಳುತ್ತದೆ. ಅಲ್ ಅಮೇರಾತಿನ ನಮ್ಮ ಗೆಳೆಯ ಪ್ರೇಮನಾಥ ಅವರ ಪೋಸ್ಟ್ ಬಾಕ್ಸಿಗೆ ಹಾಕಿ. ಅವರು ಬಸ್ಸಿನವರ ಕೈಯಲ್ಲಿ ನಮಗೆ ಮುಟ್ಟಿಸುತ್ತಾರೆ.

ನಿಮ್ಮ
ಸುವರ್ಣಾ


ಕಟಪಾಡಿ
2 ನವೆಂಬರ್ 2005

ಪ್ರೀತಿಯ ಸುವರ್ಣಾ,

ನಿನ್ನ ಕಾಗದ ಕೊಡುವಾಗ ಪೋಸ್ಟಿನ ಕೊಗ್ಗ, "ಎಂತ ಬಾಯಮ್ಮಾ, ಈ ಪ್ರಾಯದಲ್ಲಿ ಮಸ್ಕತ್ತಿನಿಂದ ಯಾರು ಬರೆಯುವುದು?" ಎಂದು ಕಿಸಕ್ಕನೆ ನಕ್ಕ. "ನಿನ್ನ ಹೆಂಡತಿಗೆ ಬರೆಯುವವನೇ" ಎಂದೆ. ಸೈಕಲ್ ತಿರುಗಿಸಿಕೊಂಡು ಹೋದ.

ಎಷ್ಟು ವರ್ಷದ ಹಿಂದಿನ ಮಾತು ಮಾರಾಯ್ತಿ. ಒಂದು ಮರ ಇದ್ದ ನೆನಪು ಉಂಟು, ಮುಳ್ಳಿನ ಮರ. ಅಂಥ ಮರ ಆ ಕಡೆ ಎಲ್ಲಿಯೂ ಇರುತ್ತದೆ. ಗಾಳಿ ತುಂಬಾ ಇತ್ತು. ನಿನ್ನ ಗಂಡ ಕಲ್ಲಯ್ಯನವರು ಯಾರಿಗೂ ಸಲಿಕೆ ಮುಟ್ಟಲು ಬಿಡಲಿಲ್ಲ. ಬಾಸಿಲ್ ಕಲ್ಲು ಆರಿಸಿ ತಂದದ್ದು. ಇಷ್ಟೇ ನನಗೆ ಗೊತ್ತಿರುವುದು.

ಜಾಗದ ವಿಷಯ ಕಲ್ಲಯ್ಯನವರಿಗೇ ಬಿಡು. ಅವರನ್ನು ಒತ್ತಾಯ ಮಾಡಬೇಡ. ಸಿಕ್ಕಿದರೆ ಸಿಕ್ಕಿತು, ಇಲ್ಲದಿದ್ದರೆ ದೇಶವಾದರೂ ನೋಡಿದ ಹಾಗೆ ಆಯಿತು.

ಹೆಚ್ಚು ಬರೆಯಲು ಸಮಯವಿಲ್ಲ. ಇವತ್ತು ಇಗರ್ಜಿಗೆ ಬೇಗ ಹೋಗಬೇಕು.

ನಿನ್ನ
ಇಸಾಬೆಲ್ಲಾ


ಇಬ್ರಿಯ ಆಚೆ
19 ಡಿಸೆಂಬರ್ 2005

ಅಕ್ಕಾ,

ಕ್ಯಾರವಾನಿನ ಬಾಳ್ವೆ ಅಭ್ಯಾಸವಾಗುತ್ತಿದೆ. ರೊಟ್ಟಿ ಬಡಿಯಲು ಕುಳಿತರೆ ಇಡೀ ಗಾಡಿ ಅಲ್ಲಾಡುತ್ತದೆ. ಇವರು ಹೊರಗಿನಿಂದ "ಭೂಕಂಪ! ಭೂಕಂಪ!" ಎಂದು ಕೂಗುತ್ತಾರೆ. ಪೆಟ್ರೋಲ್ ಪಂಪಿನಲ್ಲಿ ನೀರು ತುಂಬಿಕೊಳ್ಳುತ್ತೇವೆ. ಹಳ್ಳಿಯವರು ಖರ್ಜೂರ, ಕಹ್ವಾ ಕಾಫಿ ಕೊಟ್ಟು ಕೂರಿಸುತ್ತಾರೆ. ನಿಮಗೆ ಮನೆ ಇಲ್ಲವೇ ಎಂದು ಒಬ್ಬ ಮುದುಕಿ ಕನಿಕರದಿಂದ ಕೇಳಿದಳು.

ಹೋದ ವಾರ ಇವರು ಒಂದು ಕಡೆ ಗಾಡಿ ನಿಲ್ಲಿಸಿ, "ಇಲ್ಲೇ ಇರಬೇಕು ನೋಡು" ಎಂದರು. ಮುಳ್ಳಿನ ಮರ, ಬುಡದಲ್ಲಿ ಒಂದಿಷ್ಟು ಕಲ್ಲು. ನಾನು ಊದಿನಕಡ್ಡಿ ಹಚ್ಚಿದೆ. ನೆಲಕ್ಕೆ ಕೈ ಇಟ್ಟೆ. ಅಕ್ಕಾ, ಅಲ್ಲಿ ಏನೂ ಇರಲಿಲ್ಲ. ಖಾಲಿ ತೊಟ್ಟಿಲು ತೂಗಿದರೆ ಕೈಗೆ ಗೊತ್ತಾಗುವುದಿಲ್ಲವೇ, ಹಾಗೆ.

"ಇಲ್ಲಿ ಇಲ್ಲರೀ" ಎಂದೆ.

ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಇವರ ಮುಖದ ಮೇಲೆ ದೊಡ್ಡ ಹೊರೆ ಇಳಿಸಿದಂಥ ಕಳೆ ಬಂತು. "ಹೌದು, ಇಲ್ಲಿ ಇಲ್ಲ" ಎಂದು ತಾವೇ ಕಡ್ಡಿ ಆರಿಸಿದರು. ಇವರಿಗೆ ಮರೆವು ಶುರುವಾಗಿದೆಯೇನೋ ಎಂದು ನನಗೆ ಭಯ.

ಇನ್ನೊಂದು ಮಾತು. ನಗಬೇಡಿ. ಈ ಕ್ಯಾರವಾನಿನಲ್ಲಿ ಯಾರೋ ಬಿಕ್ಕಳಿಸುತ್ತಾರೆ. ಸಣ್ಣ ದನಿ, ಕೂಸಿನದು. ಸಂಜೆ ದೀಪ ಹಚ್ಚುವ ಹೊತ್ತಿಗೆ, ಕೆಲವು ಸಲ ಮಟಮಟ ಮಧ್ಯಾಹ್ನ. ನನ್ನ ಕೂಸಿಗೆ ಹಾಲು ಕುಡಿದ ಮೇಲೆ ಬಿಕ್ಕಳಿಕೆ ಬರುತ್ತಿತ್ತು. ನಿಮಗೆ ನೆನಪಿರಬೇಕು. ಇವರಿಗೆ ನಾನು ಹೇಳಿಲ್ಲ. ಮೊದಲೇ ಮರೆವು, ಮೇಲೆ ಇದೊಂದು ಯಾಕೆ.

ಸುವರ್ಣಾ


ಕಟಪಾಡಿ
11 ಜನವರಿ 2006

ಪ್ರೀತಿಯ ಸುವರ್ಣಾ,

ನಾನು ನಗಲಿಲ್ಲ. ಆದರೆ ಬೈಯುತ್ತೇನೆ. ನಿನ್ನ ಸಿಂಕಿನ ಕೆಳಗೆ ನೀರು ಎಳೆಯುವ ಸಣ್ಣ ಪಂಪು ಉಂಟಲ್ಲ, ಕರೆಂಟಿನದು? ಪೈಪಿನಲ್ಲಿ ಗಾಳಿ ಸಿಕ್ಕಿದರೆ ಅದು ಇಕ್, ಇಕ್ ಎನ್ನುತ್ತದೆ. ಬಾಸಿಲ್ ಕ್ಯಾಂಪಿನಲ್ಲಿ ಮೆಕ್ಯಾನಿಕ್ ಆಗಿದ್ದಾಗ ಇಂಥದ್ದು ನೂರು ರಿಪೇರಿ ಮಾಡಿದ್ದಾರೆ. ಕಲ್ಲಯ್ಯನವರಿಗೆ ಹೇಳಿ ಸ್ಕ್ರೂ ಬಿಗಿ ಮಾಡಿಸು. ಬಿ.ಪಿ. ಮಾತ್ರೆ ತಪ್ಪಿಸಬೇಡ. ಬಿಸಿಲಿನಲ್ಲಿ ತಲೆಗೆ ಬಟ್ಟೆ ಕಟ್ಟಿಕೋ.

ಅವರಿಗೆ ಮರೆವು ಅಲ್ಲ. ಅದು ಮಾತ್ರ ಖಂಡಿತ. ಆ ಭಯ ಬಿಟ್ಟುಬಿಡು.

ಇಸಾಬೆಲ್ಲಾ


ಆದಮ್
26 ಫೆಬ್ರವರಿ 2006

ಅಕ್ಕಾ,

ನೀವು ಹೇಳಿದ್ದು ಸರಿ. ಅದು ಪಂಪೇ. ಕಿವಿ ಇಟ್ಟು ಕೇಳಿದೆ, ಅಲ್ಲಿಂದಲೇ ಬರುತ್ತದೆ. ನನ್ನ ಹುಚ್ಚಿಗೆ ನಾನೇ ನಕ್ಕು, ಮೊನ್ನೆ ಇವರು ಹೊರಗೆ ಟೈರು ನೋಡುತ್ತಿದ್ದಾಗ ಸಿಂಕಿನ ಕೆಳಗಿನ ಬಾಗಿಲು ತೆರೆದೆ.

ಪಂಪಿನ ನೆತ್ತಿಗೆ ಒಂದು ದಾರದ ಎಳೆ ಅಂಟಿತ್ತು. ಬಿಳಿ ಎಳೆ. ಒದ್ದೆಯಿತ್ತು.

ನಮ್ಮ ಕಡೆ ಕೂಸಿಗೆ ಬಿಕ್ಕಳಿಕೆ ಬಂದರೆ ಬಟ್ಟೆಯ ಎಳೆ ಕಿತ್ತು, ಎಂಜಲು ಹಚ್ಚಿ, ನೆತ್ತಿಗೆ ಅಂಟಿಸುತ್ತೇವೆ. ನಾನು ಅಂಟಿಸಿಲ್ಲ. ಈ ಗಾಡಿಯಲ್ಲಿ ಇನ್ನು ಯಾರಿದ್ದಾರೆ? ಇವರ ಧೋತರದ ಅಂಚು ನೋಡಿದೆ. ಒಂದು ಕಡೆ ಎಳೆ ಬಿಟ್ಟಿತ್ತು.

ಇವರಿಗೂ ಕೇಳಿಸುತ್ತದೆ ಅಕ್ಕಾ. ಮೊದಲ ದಿನದಿಂದ ಕೇಳಿಸಿರಬಹುದು. ನನ್ನೆದುರು ಸುಮ್ಮನಿದ್ದಾರೆ. ನಾನೂ ಬಾಗಿಲು ಮುಚ್ಚಿ ಸುಮ್ಮನೆ ಎದ್ದೆ. ಒಳಗೆ ಬಂದು "ಏನು ಹುಡುಕಾಕ್ಹತ್ತೀ?" ಎಂದರು. "ಉಪ್ಪು" ಎಂದೆ. "ಉಪ್ಪು ಮ್ಯಾಲ ಐತಲ್ಲ" ಎಂದರು. ಅಷ್ಟೇ ನಮ್ಮ ಮಾತು.

ಕಿಟಕಿಯ ಧೂಳಿನ ಮೇಲೆ ಸಣ್ಣ ಅಂಗೈ ಗುರುತು ಬೀಳುತ್ತಿರುತ್ತದೆ. ಹಳ್ಳಿಯ ಮಕ್ಕಳು ಇಣುಕಿ ನೋಡುತ್ತವೆ, ನಾನು ಒರೆಸುತ್ತೇನೆ. ನಿನ್ನೆ ಹಳ್ಳಿಯೇ ಇಲ್ಲದ ಬಯಲಿನಲ್ಲಿ ನಿಂತಿದ್ದೆವು. ಅಲ್ಲಿಯೂ ಒಂದು ಬಿದ್ದಿತ್ತು. ನನ್ನ ಕೂಸಿಗೆ ಕೈ ಊರುವ ವಯಸ್ಸಾಗಿರಲಿಲ್ಲ. ಈಗ ಬೆಳೆದಿದೆಯೇ? ಆ ಒಂದನ್ನು ನಾನು ಒರೆಸಲಿಲ್ಲ.

ಸುವರ್ಣಾ


ಇಬ್ರಿ
17 ಏಪ್ರಿಲ್ 2006

ಅಕ್ಕಾ,

ನಿಮ್ಮ ಕಾಗದ ಬರಲಿಲ್ಲ. ಆರೋಗ್ಯ ತಾನೇ?

ಮೊನ್ನೆ ಇಲ್ಲಿ ವಾದಿ ಬಂತು, ಒಣಗಿ ಬಿದ್ದಿದ್ದ ಹಳ್ಳಕ್ಕೆ ಒಮ್ಮೆಲೇ ನೆರೆ. ಮಳೆ ಬಿದ್ದದ್ದು ಎಲ್ಲೋ ಬೆಟ್ಟದಲ್ಲಿ. ನಾವಿದ್ದಲ್ಲಿ ಒಂದು ಹನಿಯೂ ಇರಲಿಲ್ಲ. ವಾದಿಯ ದಂಡೆಯ ಮೇಲೆ ಎರಡು ಮಡಚುವ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದೆವು. ಇವರೇ ಮೊದಲು ಕಿವಿ ನಿಮಿರಿಸಿದರು. "ಏಳು! ಏಳು ಸುವರ್ಣಾ!" ಎಂದು ನನ್ನ ರಟ್ಟೆ ಹಿಡಿದು ಎಳೆದರು. ನಾವು ಮೇಲೆ ಹತ್ತುವುದಕ್ಕೂ ಕೆಂಪು ನೀರು ಬರುವುದಕ್ಕೂ ಸರಿಹೋಯಿತು. ನೋಡುತ್ತಿದ್ದಂತೆ ನಾವು ಕುಳಿತಿದ್ದ ದಂಡೆ ರೊಟ್ಟಿ ಮುರಿದ ಹಾಗೆ ಮುರಿದು ಒಳಗೆ ಹೋಯಿತು. ಕುರ್ಚಿಗಳೂ ಹೋದವು.

ಗಾಡಿ ಉಳಿಯಿತು, ಜೀವ ಉಳಿಯಿತು ಎಂದು ನಾನು ಶಿವನನ್ನು ನೆನೆಯುತ್ತಿದ್ದರೆ, ಇವರು ನೆಲದ ಮೇಲೆ ಕುಕ್ಕರಿಸಿ ಅಳತೊಡಗಿದರು. "ತಗೊಂಡು ಹೋತು, ತಗೊಂಡು ಹೋತು" ಎಂಬುದೊಂದೇ ಮಾತು.

"ಏನ್ರೀ, ಒಂದು ಕುರ್ಚಿಗೆ ಯಾರರ ಅಳ್ತಾರ? ರುಸೈಲಿನ ಪ್ಯಾಟ್ಯಾಗ ಬೇರೆ ತಗೊಳ್ಳೂಣು" ಎಂದೆ.

ನನ್ನ ಮುಖ ನೋಡಿದರು. ಎದ್ದು ಗಾಡಿಯೊಳಗೆ ಹೋದರು. ಅವತ್ತಿನಿಂದ ಊಟ ಸೇರುತ್ತಿಲ್ಲ. ವಯಸ್ಸಾಯಿತು ಅಕ್ಕಾ, ಸಣ್ಣದಕ್ಕೆಲ್ಲ ಮನಸ್ಸು ಒಡೆಯುತ್ತದೆ. ಜಾಗ ಬೇಗ ಸಿಕ್ಕರೆ ಸಾಕು, ಇವರನ್ನು ಊರಿಗೆ ಕರೆದುಕೊಂಡು ಹೋಗುತ್ತೇನೆ.

ಸುವರ್ಣಾ


ಕಟಪಾಡಿ
9 ಮೇ 2006

ಸುವರ್ಣಾ,

ನಿನ್ನ ಫೆಬ್ರವರಿಯ ಕಾಗದಕ್ಕೆ ಉತ್ತರ ಬರೆಯಲು ಆಗಲಿಲ್ಲ. ಮೂರು ಸಲ ಬರೆದು ಹರಿದೆ.

ಈಗ ಒಂದೇ ಮಾತು. ಆ ವಾದಿಗಳ ಹತ್ತಿರದಿಂದ ಹೊರಟುಹೋಗಿ. ಸಲಾಲಾ ಕಡೆ ಹೋಗಿ, ಅಲ್ಲಿ ತಂಪು ಉಂಟು. ಕಲ್ಲಯ್ಯನವರನ್ನು ಮೂರನೆಯ ಸಲ ಆ ನೀರಿನ ಎದುರು ನಿಲ್ಲಿಸಬೇಡ. ನನ್ನ ಮಾತು ಕೇಳು.

ಇಸಾಬೆಲ್ಲಾ


ಸಲಾಲಾ
28 ಜೂನ್ 2006

ಇಸಾಬೆಲ್ಲಾ ಅವರಿಗೆ,

ಸಲಾಲಾಕ್ಕೆ ಬಂದೆವು. ದಾರಿಯುದ್ದಕ್ಕೂ ನಿಮ್ಮ ಕಾಗದ ನನ್ನ ಮಡಿಲಲ್ಲಿತ್ತು. "ಮೂರನೆಯ ಸಲ" ಎಂದು ಬರೆದಿದ್ದೀರಿ. ಕುರ್ಚಿ ಹೋದದ್ದು ಎರಡನೆಯ ಸಲ ಎಂದಾಯಿತು. ಮೊದಲನೆಯ ಸಲ ನೀರು ಏನನ್ನು ತಗೊಂಡು ಹೋಯಿತು?

ನಾನು ಇವರನ್ನು ಕೇಳುವುದಿಲ್ಲ. ಕೇಳಿದರೆ ಈ ಮನುಷ್ಯ ಉಳಿಯುವುದಿಲ್ಲ. ನೀವೇ ಹೇಳಬೇಕು.

ಸುವರ್ಣಾ


ಕಟಪಾಡಿ
15 ಜುಲೈ 2006

ಸುವರ್ಣಾ,

ನಿನಗೆ ಅರ್ಥವಾಗಿದೆ. ಆದರೂ ಬರೆಯುತ್ತೇನೆ.

ನಾವು ಕೂಸನ್ನು ಮಲಗಿಸಿದ್ದು ಒಂದು ವಾದಿಯ ದಂಡೆಯಲ್ಲಿ. ಬೇರೆ ಕಡೆ ಎಲ್ಲ ಬಂಡೆ. ಅಲ್ಲಿ ಮಾತ್ರ ಮಣ್ಣು ಮೆತ್ತಗಿತ್ತು, ಅದಕ್ಕೇ ಕಲ್ಲಯ್ಯನವರು ಅದನ್ನು ಆರಿಸಿದರು. ಎರಡು ಸಲ ಜಾಗ ಬದಲಿಸಿ ಕೈಯಿಂದ ಮಣ್ಣು ಮುಟ್ಟಿ ನೋಡಿದ್ದರು, ಗಟ್ಟಿ ನೆಲದಲ್ಲಿ ಕೂಸಿಗೆ ಚುಚ್ಚಬಾರದು ಎಂದು. ಮಾರನೆಯ ವರ್ಷ ದೊಡ್ಡ ನೀರು ಬಂತು. ದಂಡೆ ಪೂರ್ತಿ ಹೋಯಿತು. ಅವರು ಹೋಗಿ ನೋಡಿ, ಕ್ಲಿನಿಕ್ಕಿಗೆ ಬಂದು ನನ್ನೆದುರು ನಿಂತರು. ಮೈಯೆಲ್ಲ ಕೆಸರು. ಬಾಸಿಲ್ ಮತ್ತು ನಾನು ಜೊತೆಗೆ ಹೋಗಿ ಮೂರು ದಿನ ಹುಡುಕಿದೆವು. ಒಂದು ಕಲ್ಲೂ ಸಿಗಲಿಲ್ಲ. ಅವರು ರಜೆಗೆ ಊರಿಗೆ ಹೋಗಿ ನಿನ್ನನ್ನು ಕರೆತಂದಾಗ ಸಿದ್ದು ಹೊಟ್ಟೆಯಲ್ಲಿದ್ದ. ಹೇಳುವುದು ಬೇಡ ಎಂದದ್ದು ನಾನು, ಅವರಲ್ಲ. ಅದಕ್ಕೆ ಕ್ಷಮೆ ಕೇಳುವುದಿಲ್ಲ. ಆವಾಗ ನಿನ್ನ ಮೈಯಲ್ಲಿ ರಕ್ತವೇ ಇರಲಿಲ್ಲ. ಸಿದ್ದು ಹುಟ್ಟಬೇಕಿತ್ತು.

ಇನ್ನೊಂದು ವಿಷಯ ಕಲ್ಲಯ್ಯನವರಿಗೂ ಗೊತ್ತಿಲ್ಲ.

ಪ್ರತಿ ವರ್ಷ ನವೆಂಬರ್ ಎರಡಕ್ಕೆ ನಮ್ಮಲ್ಲಿ ಮೃತರ ದಿನ. ಮನೆಯವರು ತಮ್ಮ ಸತ್ತವರ ಹೆಸರು ಕೊಟ್ಟರೆ ಫಾದರ್ ಅದನ್ನು ಓದಿ ಪ್ರಾರ್ಥನೆ ಮಾಡುತ್ತಾರೆ. ನಾನು ಊರಿಗೆ ಬಂದ ಮೊದಲ ವರ್ಷ ನನ್ನ ತಂದೆ ತಾಯಿಯ ಹೆಸರು ಹೇಳಿದೆ. ಆಮೇಲೆ ಬಾಯಿ ತಾನಾಗಿ ನಿನ್ನ ಮಗಳ ಹೆಸರನ್ನೂ ಹೇಳಿತು. ಆ ಕೂಸಿಗೆ ಗೋರಿ ಇಲ್ಲ, ಎಲ್ಲಿಯಾದರೂ ಒಂದು ಕಡೆ ಹೆಸರಾದರೂ ಇರಲಿ ಎಂದು. ಅಂದಿನಿಂದ ಒಂದು ವರ್ಷವೂ ತಪ್ಪಿಸಿಲ್ಲ. ಈಗಿನ ಫಾದರ್ ಹುಡುಗ, ಮೊದಲ ಸಲ ಓದುವಾಗ ತಡವರಿಸಿದ. ಲಾರೆನ್ಸ್, ಮೋನಿಕಾ, ಗುಂಡವ್ವ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನಾನು ತಿರುಗಿ ನೋಡಿದೆ, ಮತ್ತೆ ಯಾರೂ ನಗಲಿಲ್ಲ.

ನಿನ್ನ ಮತದ ಮಗುವನ್ನು ನನ್ನ ಮತಕ್ಕೆ ಎಳೆದೆ ಎಂದು ತಿಳಿಯಬೇಡ. ಆ ಒಂದು ದಿನ ಹೆಸರು ಹೇಳಿಸುತ್ತೇನೆ, ಅಷ್ಟೇ. ಬೇಡ ಎಂದರೆ ನಿಲ್ಲಿಸುತ್ತೇನೆ.

ಇಸಾಬೆಲ್ಲಾ


ಇಬ್ರಿ
12 ಸೆಪ್ಟೆಂಬರ್ 2006

ಅಕ್ಕಾ,

ನಿಮ್ಮ ಕಾಗದ ಸಿಕ್ಕ ಮೇಲೆ ಹಲವು ದಿನ ಅದನ್ನು ಇವರಿಗೆ ತೋರಿಸದೆ ಇಟ್ಟುಕೊಂಡೆ. ಸಲಾಲಾದಲ್ಲಿ ಹಗಲೆಲ್ಲ ಮಂಜು. ಕ್ಯಾರವಾನಿನ ಕಿಟಕಿಯಾಚೆ ಏನೂ ಕಾಣುತ್ತಿರಲಿಲ್ಲ. ನಿಮ್ಮ ಮೇಲೆ ಬಂದ ಸಿಟ್ಟನ್ನು ಬರೆಯಲು ಕುಳಿತಿದ್ದರೆ ಈ ದೇಶದ ಕಾಗದ ಸಾಲುತ್ತಿರಲಿಲ್ಲ. ನನ್ನ ಕೂಸು ನೀರಿನಲ್ಲಿ ಹೋದದ್ದು ನಿಮಗೆ ಗೊತ್ತು, ಬಾಸಿಲ್ ಅಣ್ಣನಿಗೆ ಗೊತ್ತು, ಇವರಿಗೆ ಗೊತ್ತು. ಹೆತ್ತವಳಿಗೆ ಗೊತ್ತಿಲ್ಲ.

ಆಮೇಲೆ ಆ ಹೆಸರಿನ ಹತ್ತಿರ ಬಂದು ನಿಂತೆ. ನನ್ನ ಕೂಸಿಗೆ ಹೆಸರೇ ಇಟ್ಟಿರಲಿಲ್ಲ ಅಕ್ಕಾ. ತೊಟ್ಟಿಲಿಗೆ ಹಾಕುವ ದಿನ ಬರುವ ಮೊದಲೇ ಹೋಯಿತು. ಈ ಗುಂಡವ್ವ ಯಾರು? ನೀವು ಎಲ್ಲಿಂದ ತಂದಿರಿ? ಹಾಗೆ ಅಂದುಕೊಳ್ಳುತ್ತಲೇ ನನ್ನ ಕಿವಿಗೆ ನನ್ನದೇ ದನಿ ಕೇಳಿತು. ಹಾಲೂಡಿಸುವಾಗ ನಾನು "ನನ್ನ ಗುಂಡವ್ವ, ಕುಡಿಯವ್ವ" ಎನ್ನುತ್ತಿದ್ದೆ. ದುಂಡಗಿದ್ದಳಲ್ಲ. ಮುದ್ದಿಗೆ ಅಂದದ್ದನ್ನು ನೀವು ಇಟ್ಟ ಹೆಸರೆಂದು ತಿಳಿದಿರಿ. ನಾನು ಅದನ್ನು ಪೂರ್ತಿ ಮರೆತಿದ್ದೆ. ಅವಳಿಗೆ ನಾನು ಕೊಟ್ಟದ್ದು ಅದೊಂದೇ. ಅದನ್ನೇ ಮರೆತಿದ್ದೆ.

ಹೆಸರು ನೆನಪಾದ ದಿನವೇ ಇವರಿಗೆ ನಿಮ್ಮ ಕಾಗದ ಕೊಟ್ಟೆ. ಓದಿ ಮಡಚಿದರು. "ಸುವರ್ಣಾ, ನಿನ್ನ ಕರಕೊಂಡು ಹೋಗ್ತೀನಿ" ಎಂದರು.

ಉತ್ತರಕ್ಕೆ ಬಂದೆವು. ಈ ಸಲ ಇವರು ಎಲ್ಲಿಯೂ ದಾರಿ ಕೇಳಲಿಲ್ಲ, ಎಲ್ಲಿಯೂ ತಡೆದು ನೋಡಲಿಲ್ಲ. ಹಳೆಯ ರಸ್ತೆಯಿಂದ ಇಳಿದು, ನೇರ ಒಂದು ವಾದಿಯ ತಿರುವಿನಲ್ಲಿ ನಿಲ್ಲಿಸಿದರು. ಎದುರಿಗೆ ಬರೀ ನುಣುಪು ಕಲ್ಲು, ಕಣ್ಣು ಮುಟ್ಟುವವರೆಗೂ.

"ಇಲ್ಲಿ ಇತ್ತು" ಎಂದರು. "ಈಗ ಎಲ್ಲಾ ಕಡೆ ಐತಿ."

ನಾನು ಕೈ ಇಟ್ಟೆ. ಕಲ್ಲು ಬಿಸಿಯಿತ್ತು. ಹಣೆ ಹಚ್ಚಿದೆ, ಸುಟ್ಟಿತು. ಬಹಳ ಹೊತ್ತು ತೆಗೆಯಲಿಲ್ಲ.

ಆಮೇಲೆ ನಾನೇ ಹೇಳಿದೆ, ಬಂದದ್ದು ಬಂದೆವು, ತೊಟ್ಟಿಲ ಶಾಸ್ತ್ರ ಮುಗಿಸಿಬಿಡೋಣ ಎಂದು. ನಮ್ಮಲ್ಲಿ ಅಂದು ಕೂಸಿನ ಸೋದರತ್ತೆ ಕಿವಿಯಲ್ಲಿ ಹೆಸರು ಹೇಳುತ್ತಾಳೆ. ಹೇಳಿದ ಕೂಡಲೇ ಸುತ್ತಲಿನ ಹೆಂಗಸರು "ಕುರ್ರ್" ಎಂದು ಅವಳ ಬೆನ್ನಿಗೆ ಗುದ್ದುತ್ತಾರೆ. ಗುದ್ದು ಬಿದ್ದರೇನೇ ಹೆಸರು ಗಟ್ಟಿ.

"ನಮ್ಮಕ್ಕ ಎಲ್ಲಿ ಬರಬೇಕು ಇಲ್ಲಿಗೆ? ನಾನಽ ಹೇಳ್ತೀನಿ" ಎಂದು ಇವರು ಬೋರಲು ಮಲಗಿ ಕಲ್ಲಿನ ಸಂದಿಗೆ ಬಾಯಿ ಇಟ್ಟರು. "ಗುಂಡವ್ವ" ಎಂದರು. ನಾನು "ಕುರ್ರ್" ಎಂದು ಗುದ್ದಿದೆ. ಮತ್ತೊಮ್ಮೆ ಹೇಳಿದರು, ಮತ್ತೊಮ್ಮೆ ಗುದ್ದಿದೆ. ಸುಮ್ಮನೆ ಗುದ್ದಲಿಲ್ಲ ಅಕ್ಕಾ. ನನ್ನಲ್ಲಿದ್ದ ಸಿಟ್ಟೆಲ್ಲ ಸೇರಿಸಿ ಗುದ್ದಿದೆ. ಇವರು ಒಮ್ಮೆಯೂ ಸಾಕು ಎನ್ನಲಿಲ್ಲ. ಧೂಳು ಬಾಯಿಗೆ ಹೋಗಿ ಕೆಮ್ಮು ಹತ್ತಿತು. ದೂರದಲ್ಲಿ ಮೇಕೆ ಕಾಯುತ್ತಿದ್ದ ಮುದುಕ, ಗಂಡನ ಗಂಟಲಿಗೆ ಏನೋ ಸಿಕ್ಕಿದೆ ಎಂದು ತಿಳಿದು ನೀರಿನ ಬಾಟಲಿ ಹಿಡಿದು ಓಡೋಡಿ ಬಂದ. ತಾನೂ ಇವರ ಬೆನ್ನಿಗೆ ನಾಲ್ಕು ಬಿಟ್ಟ. "ಖಲಾಸ್? ಖಲಾಸ್?" ಎಂದು ಕೇಳಿದ. "ಖಲಾಸ್" ಎಂದು ಇವರು ಎದ್ದು ಕುಳಿತರು. ಕಣ್ಣಲ್ಲಿ ನೀರು, ನಗು, ಕೆಮ್ಮು, ಯಾವುದು ಯಾವುದೆಂದು ತಿಳಿಯಲಿಲ್ಲ.

ಮುದುಕ ಹೋದ ಮೇಲೆ ನಾನು ಎದ್ದು ನಿಂತು, ವಾದಿ ಹರಿದುಹೋದ ದಿಕ್ಕಿಗೆ ಮುಖ ಮಾಡಿ, ಒಮ್ಮೆ ಗಟ್ಟಿಯಾಗಿ ಕರೆದೆ. ಯಾರೂ "ಓ" ಎನ್ನಲಿಲ್ಲ. ಆ ಮೌನ ಇನ್ನೂ ನನ್ನ ಜೊತೆಗಿದೆ. ಊರಿಗೂ ಬರುತ್ತದೆ, ಗೊತ್ತು. ಬರಲಿ.

ಕ್ಯಾರವಾನನ್ನು ಇಬ್ರಿಯ ಒಬ್ಬ ಕುರಿ ಸಾಕುವವನು ಕೇಳುತ್ತಿದ್ದಾನೆ, ಕೊಟ್ಟುಬಿಡುತ್ತೇವೆ. ಮುಂದಿನ ತಿಂಗಳು ಹೊರಡುತ್ತೇವೆ.

ಹೆಸರು ಓದಿಸುವುದನ್ನು ನಿಲ್ಲಿಸಬೇಡಿ. ಆದರೆ ಇವರು ಒಂದು ತಕರಾರು ತೆಗೆದಿದ್ದಾರೆ. "ಇಷ್ಟು ವರ್ಷ ಕೂಸಿನ ಹೆಸರು ಹೇಳಿದಾಕಿ ಇಸಾಬೆಲ್ಲಾ. ಅಂದ್ರ ಸೋದರತ್ತಿ ಆಕಿ. ಗುದ್ದು ತಿಂದಾಂವ ಮಾತ್ರ ನಾನು. ಇದ್ಯಾವ ನ್ಯಾಯ?" ಎನ್ನುತ್ತಾರೆ.

ನವೆಂಬರ್ ಎರಡಕ್ಕೆ ನಾವಿಬ್ಬರೂ ಕಟಪಾಡಿಗೆ ಬರುತ್ತೇವೆ. ಇಗರ್ಜಿಯಲ್ಲಿ ನಿಮ್ಮ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಫಾದರ್ ಅವಳ ಹೆಸರು ಓದುವಾಗ ಬೆನ್ನು ಗಟ್ಟಿ ಮಾಡಿಕೊಂಡಿರಿ.

ನಿಮ್ಮ
ಸುವರ್ಣಾ